ಉಡಿ ತುಂಬಿದ ಕಾಡತೂಸು

ಹೋದ ವರ್ಷ ಜಿಂಕೆ ತಪ್ಪಿದ್ದು ನನ್ನ ಕೈಯಿಂದಲ್ಲ, ಕಾಡತೂಸಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಂಬದವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು, ನನಗೇನೂ ನಷ್ಟವಿಲ್ಲ.

ನಾನು ದ್ಯಾಮಣ್ಣ. ಊರು ಮುಧೋಳದ ಕಡೆ. ಓದಿದ್ದು ಊರ ಕನ್ನಡ ಶಾಲೆಯಲ್ಲಿ, ದುಡಿಯುವುದು ಕಡಲಾಚೆ, ವಿಟ್ಬಿ ಎಂಬ ಊರಿನ ಒಂದು ಮಷೀನ್ ಶಾಪಿನ ಲೇತ್ ಮೇಲೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಇಡೀ ತುಂಡು ಕಸಕ್ಕೆ ಹೋಗುವ ಕೆಲಸ. ಅಂಥ ಕೈ, ಎದುರಿಗೆ ಎಮ್ಮೆಯ ಹಾಗೆ ನಿಂತ ಜಿಂಕೆಗೆ ತಪ್ಪುತ್ತದೆಯೇ?

ಆದರೆ ತಪ್ಪಿತು. ತಪ್ಪಿದ್ದನ್ನು ನೋಡಿದವನು ಸುಧೀರ. ಉಡುಪಿಯವನು, ನನ್ನ ಜೊತೆ ಬೇಟೆಗೆ ಬರುವ ಒಬ್ಬನೇ ಕನ್ನಡಿಗ. ಒಳ್ಳೆಯವನೇ, ಬಾಯಿಯೊಂದಕ್ಕೆ ಬೀಗವಿಲ್ಲ. ಸಂಕ್ರಾಂತಿಯ ಊಟದಲ್ಲಿ ಇಡೀ ಕನ್ನಡ ಸಂಘದ ಮುಂದೆ ಅವನು ಹೇಳಿದ್ದು ಹೀಗೆ:

"ಎಂಥ ಮಾರಾಯ್ರೆ, ಜಿಂಕೆ ಫೋಟೋ ತೆಗೆಸ್ಲಿಕ್ಕೆ ನಿಂತ ಹಾಗೆ ನಿಂತಿತ್ತು. ಇವರು ಢಂ ಅಂತ ಹೊಡೆದ್ರು. ಅದು ಒಮ್ಮೆ ತಿರುಗಿ ಇವರನ್ನು ನೋಡಿ, ಬಾಯಲ್ಲಿದ್ದ ಎಲೆ ಜಗಿದು ಮುಗಿಸಿ, ಆಮೇಲೆ ಹೋದದ್ದು!"

ಅವತ್ತಿನಿಂದ ನನ್ನ ಬಾಳು ಕೆಟ್ಟಿತು. ರಿಚ್ಮಂಡ್ ಹಿಲ್ ದೇವಸ್ಥಾನದಲ್ಲಿ ಚಪ್ಪಲಿ ಬಿಡುವಾಗ ಒಬ್ಬ, ಮಾರ್ಕಮ್‌ನ ಮಾಲ್‌ನಲ್ಲಿ ಬದನೆಕಾಯಿ ಆರಿಸುವಾಗ ಇನ್ನೊಬ್ಬ, ಎಲ್ಲರಿಗೂ ಒಂದೇ ಪ್ರಶ್ನೆ: "ದ್ಯಾಮಣ್ಣೋರೆ, ಜಿಂಕೆ ಆರಾಮಾಗಿದೆಯಾ?" ನನ್ನ ಮಗಳು ಅಕ್ಷರಾಳ ಗೆಳತಿಯರೂ ನನ್ನನ್ನು ಕಂಡರೆ ಬಾಯಿ ಮುಚ್ಚಿಕೊಂಡು ನಗತೊಡಗಿದರು.

ತಪ್ಪು ಅಂಗಡಿಯ ಕಾಡತೂಸಿನದು ಎಂದು ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಸರಿ, ಕೇಳದಿದ್ದರೆ ತೋರಿಸುತ್ತೇನೆ ಎಂದು ನನ್ನ ಕಾಡತೂಸನ್ನು ನಾನೇ ಮಾಡಿಕೊಳ್ಳಲು ಕುಳಿತೆ.

ತಿಳಿಯದವರಿಗೆ ಒಂದು ಮಾತು. ಅಂಗಡಿಯ ಕಾಡತೂಸು ಎಂದರೆ ರೆಡಿಮೇಡ್ ಅಂಗಿ. ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ. ನನ್ನ ರೈಫಲ್ಲು ಫಾರ್ಟಿಫೈವ್-ಸೆವೆಂಟಿ ಎಂಬ ಹಳೆಯ ಕಾಲದ ದೊಡ್ಡ ಬಾಯಿಯದು, ಬೆರಳು ದಪ್ಪದ ಕಾಡತೂಸು ತಿನ್ನುವಂಥದು. ಅಂಥದ್ದಕ್ಕೆ ಹೊಲಿಸಿದ ಅಂಗಿಯೇ ಬೇಕು. ಒಮ್ಮೆ ಹಾರಿಸಿದ ಮೇಲೆ ಹಿತ್ತಾಳೆಯ ಖಾಲಿ ಕೊಳವೆ ಉಳಿಯುತ್ತದೆ. ಅದನ್ನು ತೊಳೆದು, ಅಳತೆಗೆ ತಂದು, ಹೊಸ ಮದ್ದು ತೂಗಿ ಹಾಕಿ, ಮೇಲೆ ಹೊಸ ಗುಂಡು ಕೂರಿಸಬೇಕು. ಮದ್ದಿನ ತೂಕವನ್ನು ಪುಸ್ತಕ ಹೇಳಿದ ಮಿತಿಯೊಳಗೆ ಚಿಟಿಕೆ ಚಿಟಿಕೆಯಾಗಿ ಏರಿಸುತ್ತ, ಪ್ರತಿ ತೂಕಕ್ಕೂ ಗುರಿ ಹೊಡೆಯುವ ರೇಂಜಿಗೆ ಹೋಗಿ ಹಾಳೆಗೆ ಹೊಡೆದು, ಯಾವುದು ನನ್ನ ಬಂದೂಕಿಗೆ ಒಗ್ಗುತ್ತದೆ ಎಂದು ನೋಡಬೇಕು. ಬೇಸ್‌ಮೆಂಟಿನಲ್ಲಿ ಚಳಿಗಾಲ ಕಳೆದೆ, ವಸಂತ ಕಳೆದೆ. ಹೊಡೆದ ಹಾಳೆಗಳನ್ನು ಫ್ರಿಜ್ಜಿಗೆ ಅಂಟಿಸಿದೆ. ಮೊದಲು ಗುಂಡುಗಳು ಜೋಳದ ರೊಟ್ಟಿಯಷ್ಟು ಅಗಲ ಚದುರುತ್ತಿದ್ದವು. ಆಮೇಲೆ ಶೇಂಗಾ ಹೋಳಿಗೆಯಷ್ಟಾಯಿತು, ಆಮೇಲೆ ಪೂರಿ. ಆಗಸ್ಟಿನಲ್ಲಿ ಒಂದು ದಿನ ಮೂರೂ ಗುಂಡು ಒಂದು ಬೇಸನ್ ಉಂಡಿಯೊಳಗೆ ಹೋಗಿ ಕೂತವು. ಆ ಹಾಳೆಯನ್ನು ನಾನು ಫ್ರೇಮ್ ಹಾಕಿಸಿದೆ.

"ಮದುವಿ ಫೋಟೋಕ್ಕ ಫ್ರೇಮ್ ಇಲ್ಲ, ತೂತ ಬಿದ್ದ ಹಾಳಿಗೆ ಫ್ರೇಮ್" ಎಂದಳು ಹೆಂಡತಿ ನೀರಜಾ.

ಆ ಉಂಡಿಯ ಅಳತೆಗೆ ತಂದ ಕೊಳವೆಗಳನ್ನು ಒಂದು ಡಬ್ಬಿಯಲ್ಲಿ ಬೇರೆ ತೆಗೆದಿಟ್ಟೆ. ನವೆಂಬರಿನ ಬೇಟೆಗೆ ಅವೇ. ನನ್ನ ಮಾನ ಇದ್ದದ್ದು ಆ ಡಬ್ಬಿಯಲ್ಲಿ.

ಆ ಸಮಯಕ್ಕೆ ಊರಿನಿಂದ ಅತ್ತೆ ಪಾರ್ವತೆವ್ವ ಬಂದಳು. ಅತ್ತೆ ಎಂದರೆ ಹೆಂಡತಿಯ ತಾಯಿ ಮಾತ್ರವಲ್ಲ, ಅದಕ್ಕೂ ಮೊದಲು ನನ್ನ ಅಪ್ಪನ ಒಡಹುಟ್ಟಿದ ಅಕ್ಕ. ಆದ್ದರಿಂದ ಊರ ಅಳಿಯಂದಿರಿಗೆಲ್ಲ ಸಿಗುವ ಮರ್ಯಾದೆ ನನಗೆ ಈವರೆಗೆ ಸಿಕ್ಕಿಲ್ಲ. ಬಂದ ವಾರದಲ್ಲಿ ಬೇಸ್‌ಮೆಂಟಿಗೆ ಇಳಿದು ಡಬ್ಬಿ ತೆರೆದು ನೋಡಿದಳು.

"ಲೇ ದ್ಯಾಮ್ಯಾ, ಏನೋ ಇದು? ಹಿತ್ತಾಳಿ ಹಿಂಗ ಕರ್ರಗ ಇಡ್ತಾರೇನೋ? ಮನ್ಯಾಗ ಹೆಣ್ಣಮಕ್ಕಳು ಸತ್ತಾರೇನು?"

"ಅತ್ತೀ, ಅದನ್ನ ಮುಟ್ಟಬ್ಯಾಡ. ಕಾಡತೂಸಿನ ಕೊಳವಿ ಅದು. ಮಷೀನಿನ್ಯಾಗ ತೊಳೀತೀನಿ."

"ಮಷೀನಂತ!" ಎಂದಳು. ಮರುದಿನ ನಾನು ಕೆಲಸಕ್ಕೆ ಹೋಗುವುದನ್ನೇ ಕಾದಿದ್ದು, ಹುಣಸೆಹಣ್ಣು ಹಚ್ಚಿ ಒಂದೊಂದನ್ನೂ ಬೆಳಗಿ, ಹಿತ್ತಲಿನ ಮರದ ಡೆಕ್ಕಿನ ಮೇಲೆ, ಸಂಡಿಗೆ ಹಾಕಿದ ಬಟ್ಟೆಯ ಪಕ್ಕದಲ್ಲಿ, ಬಿಸಿಲಿಗೆ ಸಾಲಾಗಿ ನಿಲ್ಲಿಸಿದಳು.

ಪಕ್ಕದ ಮನೆಯ ಡೋರೀನ್ ಎಂಬ ಮುದುಕಿ ಬೇಲಿಯಾಚೆಯಿಂದ ಇದನ್ನು ನೋಡಿದಳು. ಸೀರೆ ಉಟ್ಟ ಅಜ್ಜಿಯೊಬ್ಬಳು ಬಿಸಿಲಲ್ಲಿ ಕೂತು ಕಾಡತೂಸಿನ ಹತ್ತಿರ ಬರುವ ಕಾಗೆ ಓಡಿಸುವುದನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪೊಲೀಸರಿಗೆ ಫೋನ್ ಮಾಡಿದಳು.

ನಾನು ಮನೆಗೆ ಬರುವುದಕ್ಕೂ ಪೊಲೀಸ್ ಕಾರು ನಿಲ್ಲುವುದಕ್ಕೂ ಸರಿಯಾಯಿತು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಫೀಸರ್. ಲೈಸೆನ್ಸ್ ತೋರಿಸಿದೆ. ಬೀಗದೊಳಗಿನ ರೈಫಲ್ಲು ತೋರಿಸಿದೆ, ಮದ್ದು ಇಟ್ಟ ಪೆಟ್ಟಿಗೆ ತೋರಿಸಿದೆ. ಎಲ್ಲ ಸರಿಯಾಗಿದೆ, ಖಾಲಿ ಹಿತ್ತಾಳೆಗೆ ಯಾವ ಕಾನೂನೂ ಇಲ್ಲ ಎಂದ. ಹೋಗಬೇಕಲ್ಲ? ಹೋಗಲಿಲ್ಲ. ಡೆಕ್ಕಿನ ಮೇಲಿನ ಒಂದು ಕೊಳವೆ ಎತ್ತಿ ಬಿಸಿಲಿಗೆ ಹಿಡಿದು, ಮದುವೆಗೆ ಹೆಣ್ಣು ನೋಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ತಾನೂ ಮನೆಯಲ್ಲಿ ಕಾಡತೂಸು ತುಂಬುವವನಂತೆ. ಮಷೀನಿನಲ್ಲಿ ಅರ್ಧ ದಿನ ತಿರುಗಿಸಿದರೂ ಈ ಹೊಳಪು ಬರುವುದಿಲ್ಲ, ಏನು ಹಾಕಿದಿರಿ ಎಂದು ಕೇಳಿದ.

ಅತ್ತೆಗೆ ಇಂಗ್ಲಿಷ್ ಬರದು, ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಒಂದು ಮುಷ್ಟಿ ಹುಣಸೆಹಣ್ಣು ಜಿಪ್ ಚೀಲದಲ್ಲಿ ಹಾಕಿ ಅವನ ಕೈಗಿತ್ತಳು. ಹಣೆಗೆ ಭಂಡಾರ ಹಚ್ಚಲೂ ಹೊರಟಿದ್ದಳು, ಕೈ ಎಟುಕಲಿಲ್ಲ.

"ನೋಡಿದೇನು? ಸರಕಾರದ ಮಂದೀನ ಮೆಚ್ಚಿ ಹೋದ್ರು" ಎಂದಳು ನನಗೆ. ಮುಂದಿನ ಅನಾಹುತಕ್ಕೆಲ್ಲ ಆ ಆಫೀಸರೇ ಕಾರಣ.

ನವರಾತ್ರಿ ಬಂತು. ನೀರಜಾ ಸಂಘದ ಹೆಣ್ಣುಮಕ್ಕಳನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಉಡಿ ತುಂಬಿ ಜೊತೆಗೊಂದು ಸ್ಟೀಲ್ ಬಟ್ಟಲು ಕೊಡುವುದೆಂದು ತಂದಿಟ್ಟಿದ್ದಳು. ಕರೆದವರಿಗಿಂತ ಬಂದವರು ಹೆಚ್ಚಾದರು. ಬಟ್ಟಲು ಮುಗಿದವು. ನೀರಜಾ ಅಡುಗೆಮನೆಯಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದಾಗ ಅತ್ತೆ ಸದ್ದಿಲ್ಲದೆ ಬೇಸ್‌ಮೆಂಟಿಗೆ ಇಳಿದಳು. ನಾನು ಓವರ್‌ಟೈಮಿನ ಶಿಫ್ಟಲ್ಲಿದ್ದೆ.

ಸಂಜೆ ಬಂದು ನೋಡುತ್ತೇನೆ, ಡಬ್ಬಿ ಖಾಲಿ.

"ಅತ್ತೀ, ನನ್ನ ಕೊಳವಿ ಎಲ್ಲಿ?"

"ಉಡಿ ತುಂಬಿ ಕೊಟ್ಟೆ. ಚಂದ ಹೊಳೀತಿದ್ದವು. ಊದಿನಕಡ್ಡಿ ಚುಚ್ಚಾಕ ಆಗತೈತಿ ಅಂತ ಎಲ್ಲಾರೂ ಹಿಗ್ಗಿ ಒಯ್ದ್ರು."

"ಅಯ್ಯ ನಿನ್ನ! ಅವು ಮುಂದಿನ ತಿಂಗಳ ಬೇಟಿಗೆ ಇಟ್ಟದ್ದು!"

"ಇನ್ನೊಂದಿಷ್ಟು ಕೊಳ್ಳೋ. ಹಿತ್ತಾಳಿಗೇನು ಬರ ಬಂದೈತೇನು?"

ಬಂದಿತ್ತು. ಅಂಗಡಿಯವನಿಗೆ ಫೋನ್ ಮಾಡಿದರೆ ಆ ಹಳೆಯ ಅಳತೆಯ ಕೊಳವೆ ಜನವರಿಗೆ ಬರುತ್ತದೆ ಎಂದ. ನೀರಜಾ ಸುಲಭದ ದಾರಿ ತೋರಿಸಿದಳು:

"ಅಂಗಡ್ಯಾಗಿನ ತಯಾರ ಡಬ್ಬಿ ಒಂದು ತಗೊಂಡು ಹೋಗ್ರಿ. ಏನಾಗತೈತಿ?"

"ಏನಾಗತೈತಿ? ಅಂಗಡಿದರಿಂದ ಜಿಂಕಿ ಬಿದ್ದರ, ಹೋದ ವರ್ಷ ತಪ್ಪಿದ್ದು ನನ್ನ ಕೈ ಅಂತ ಆತು. ಬೀಳದಿದ್ದರ, ಈ ವರ್ಷಾನೂ ನನ್ನ ಕೈ ಅಂತ ಆತು. ಬೀಳಬೇಕು, ನಾ ಮಾಡಿದ್ದರಿಂದನ ಬೀಳಬೇಕು!"

ನೀರಜಾ ಹಣೆ ಚಚ್ಚಿಕೊಂಡು ಅಡುಗೆಮನೆಗೆ ಹೋದಳು.

ಮರುದಿನವೇ ಕಾರು ತೆಗೆದುಕೊಂಡು ಮಾರ್ಕಮ್‌ನ ಶ್ರೀಕಂಠರ ಮನೆಗೆ ಹೋದೆ. ಶ್ರೀಕಂಠ ಸಂಘದ ಅಧ್ಯಕ್ಷರು, ದೊಡ್ಡ ಕಂಪನಿಯಲ್ಲಿ ಮ್ಯಾನೇಜರು. ಮೈಸೂರಿನವರು, ಸಿಟ್ಟು ಬಂದರೂ ಭಾಷಣದಲ್ಲೇ ಬರುತ್ತದೆ. ಅವರ ಹೆಂಡತಿ ಶೈಲಜಾ ಬಾಗಿಲು ತೆರೆದರು. ಒಳಗೆ ದೇವರಮನೆಯಲ್ಲಿ, ನಾನು ತಿಂಗಳುಗಟ್ಟಲೆ ಅಳೆದು ತೂಗಿದ ಕೊಳವೆ ಅಕ್ಕಿ ತುಂಬಿಕೊಂಡು, ಮೈಮೇಲೆ ಕುಂಕುಮ ಹಚ್ಚಿಸಿಕೊಂಡು, ತಲೆಯಿಂದ ಮಲ್ಲಿಗೆಯ ಹೊಗೆ ಬಿಡುತ್ತಿತ್ತು.

ಮೆತ್ತಗೆ ಕೇಳಬೇಕಿತ್ತು ಎಂದು ನೀರಜಾ ಈಗಲೂ ಹೇಳುತ್ತಾಳೆ. ಮೆತ್ತಗೆ ಕೇಳುವುದು ನನಗೆ ಬರುವುದಿಲ್ಲ.

"ಅದು ನನ್ನ ಬಂದೂಕಿನ ಕಾಡತೂಸು! ತೆಗೀರಿ ಅಲ್ಲಿಂದ!"

ಶೈಲಜಾ ಚೀರಿದರು. ಶ್ರೀಕಂಠ ಮೇಲಿನಿಂದ ಓಡಿ ಬಂದರು. ಅದು ಖಾಲಿ ಕೊಳವೆ ಎಂದು ನಾನು ವಿವರಿಸುವಷ್ಟರಲ್ಲಿ ಸುದ್ದಿ ವಾಟ್ಸಾಪಿಗೆ ಹತ್ತಿ ಹೋಗಿತ್ತು. ಮೊದಲು, ದ್ಯಾಮಣ್ಣನ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಗುಂಡು ಹಂಚಿದರಂತೆ ಎಂದು ಬಂತು. ನಾನು ಹೈವೇ ಮುಟ್ಟುವಷ್ಟರಲ್ಲಿ ಒಳಗೆ ಮದ್ದು ಇದೆಯಂತೆ. ವಿಟ್ಬಿ ಮುಟ್ಟುವಷ್ಟರಲ್ಲಿ, ಊದಿನಕಡ್ಡಿ ಹಚ್ಚಿದರೆ ಸಿಡಿಯುತ್ತದಂತೆ. ರಿಚ್ಮಂಡ್ ಹಿಲ್ಲಿನ ಉದಯಕುಮಾರ ಉರಿಯುವ ಊದಿನಕಡ್ಡಿಯ ಮೇಲೆ ಒಂದು ಬಕೆಟ್ ನೀರು ಸುರಿದು, ಗಣಪತಿ, ಲಕ್ಷ್ಮಿ, ಕಾರ್ಪೆಟ್ಟು ಮೂರನ್ನೂ ತೋಯಿಸಿದ.

"ಅಪ್ಪಾ, ದಿಸ್ ಇಸ್ ಸೋ ಎಂಬರಾಸಿಂಗ್" ಎಂದಳು ಅಕ್ಷರಾ. "ಮೈ ಫ್ರೆಂಡ್ಸ್ ಥಿಂಕ್ ಅಜ್ಜಿ ಈಸ್ ಎ ಗ್ಯಾಂಗ್‌ಸ್ಟರ್."

ಇದೊಂದು ಮಾತು ಅತ್ತೆಗೆ ಯಾರೂ ಅರ್ಥ ಹೇಳದೆಯೇ ತಿಳಿಯಿತು. ಬಹಳ ಖುಷಿಯಾದಳು.

ಭಾನುವಾರ ಶ್ರೀಕಂಠರ ಬೇಸ್‌ಮೆಂಟಿನಲ್ಲಿ ತುರ್ತು ಸಭೆ. ಹೆಣ್ಣುಮಕ್ಕಳೆಲ್ಲ ತಂತಮ್ಮ ಕೊಳವೆಗಳನ್ನು ಪರ್ಸಿನಲ್ಲಿಟ್ಟುಕೊಂಡು ಬಂದಿದ್ದರು. ಶ್ರೀಕಂಠ ಎದ್ದು ನಿಂತರು.

"ನೋಡಿ ದ್ಯಾಮಣ್ಣನವರೇ, ಇದು ನಮ್ಮ ಸಂಸ್ಕೃತಿಯ ಪ್ರಶ್ನೆ. ಹಿಂಸೆಯ ವಸ್ತುವನ್ನ ದೇವರಮನೆಗೆ ತಂದಿದೀರಿ. ನವೆಂಬರ್ ಕೊನೇಲಿ ನಾವು ಮಾಡೋ ರಾಜ್ಯೋತ್ಸವದ ದಿನ ವೇದಿಕೆ ಮೇಲೆ ಬಂದು, ಮೈಕ್ ಹಿಡಿದು, ಎಲ್ಲರ ಮುಂದೆ ಕ್ಷಮೆ ಕೇಳಬೇಕು. ಇಲ್ಲದಿದ್ರೆ ಸಂಘದಲ್ಲಿ ನಿಮಗೆ ಜಾಗ ಇಲ್ಲ."

"ಕೇಳೂದಿಲ್ಲ" ಎಂದೆ.

"ಯಾಕೆ ಕೇಳೋದಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಯಾಕ ಕೇಳಬೇಕು? ಏ ಯಪ್ಪಾ, ಖಂಡೇನವಮಿ ದಿನ ನೀ ಏನ ಪೂಜಿ ಮಾಡಿದಿ?"

"ಅಮ್ಮಾ, ಆಯುಧ ಪೂಜೆ... ಕಾರಿಗೆ."

"ಕಾರಿಗೆ! ಕುಂಕುಮ ಹಚ್ಚಿ, ಗಾಲಿ ಬುಡಕ ನಿಂಬಿಹಣ್ಣು ಇಟ್ಟು ಹಿಂಡಿಸಿದಿ. ನಾನೂ ಪ್ರಸಾದ ತಿಂದೀನಿ. ನಿನ್ನ ಕಾರು ಯಾವ ಯುದ್ಧಕ್ಕ ಹೊಂಟಿತ್ತಪ್ಪಾ? ಆಪೀಸಿಗೆ ಹೋಗೂ ಗಾಡಿ ನಿಮಗ ಆಯುಧ, ಖರೇ ಆಯುಧ ಕಂಡ್ರ ಹಿಂಸಾ! ದುರ್ಗವ್ವನ ಕೈಯಾಗ ಏನೈತಿ, ಲ್ಯಾಪ್ಟಾಪ್ ಐತೇನು? ನಮ್ಮ ಹಲಗಲಿ ಮಂದಿ ಬಿಳೀ ಸರಕಾರಕ್ಕನ ಆಯುಧ ಒಪ್ಪಿಸಲಿಲ್ಲ, ಊರು ಸುಟ್ಟರೂ ಒಪ್ಪಿಸಲಿಲ್ಲ. ನಿನ್ನ ಮೈಕಿಗೆ ಹೆದರತೀವೇನು?"

ಶ್ರೀಕಂಠರು ನೀರು ಕುಡಿದರು. ಇದೇ ಸಮಯವೆಂದು ನಾನೂ ಎದ್ದು ಹೇಳಿದೆ: "ಎಲ್ಲಾರೂ ನನ್ನ ಕೊಳವಿ ನನಗ ವಾಪಸ್ ಕೊಡ್ರಿ. ಜಗಳ ಮುಗೀತು."

ಆಗ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಹೆಣ್ಣುಮಕ್ಕಳೆಲ್ಲ ಒಟ್ಟಿಗೇ ಪರ್ಸು ಮುಚ್ಚಿದರು.

"ಉಡಿ ತುಂಬಿ ಕೊಟ್ಟಿದ್ದನ್ನ ವಾಪಸ್ ಕೊಡಬಾರದು" ಎಂದಳು ಉದಯಕುಮಾರನ ಹೆಂಡತಿ. ಮೂರು ದಿನದಿಂದ ಕಾರ್ಪೆಟ್ಟು ಒಣಗಿಸುತ್ತಿದ್ದವಳು ಅವಳು. "ಕೊಟ್ಟೋರಿಗೂ ಒಳ್ಳೇದಲ್ಲ, ತಗೊಂಡೋರಿಗೂ ಒಳ್ಳೇದಲ್ಲ."

"ಖರೇ ಮಾತು ಹೇಳಿದಿ ನನ್ನವ್ವಾ" ಎಂದಳು ಅತ್ತೆ. ಈಗತಾನೆ ನನ್ನ ಪರ ಊರು ಸುಟ್ಟುಕೊಂಡವಳು! "ಲೇ ದ್ಯಾಮ್ಯಾ, ಉಡಿಯಾಗಿಂದು ಕೇಳಾಕ ನಾಚಿಕಿ ಬರೂದಿಲ್ಲೇನು?"

ಸಭೆ ಮುಗಿಯಿತು. ಒಂದೇ ಒಂದು ಕೊಳವೆ ಹೊರಗೆ ಬಂತು. ಶ್ರೀಕಂಠರು ಸೀದಾ ದೇವರಮನೆಗೆ ಹೋಗಿ, ತಮ್ಮದನ್ನು ಟಿಶ್ಯೂ ಪೇಪರಿನಲ್ಲಿ ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದು ತಂದು ನನ್ನ ಕೈಯಲ್ಲಿ ಹಾಕಿದರು. "ತಗೊಳ್ಳಿ. ನಮ್ಮ ಮನೇಲಿ ಇದು ಬೇಡ. ಮೈಕ್ ಮಾತ್ರ ಮರೀಬೇಡಿ." ಹಿಂದೆ ನಿಂತಿದ್ದ ಶೈಲಜಾರ ಮುಖ ಬಾಡಿತ್ತು. ನಾವು ಕಾರು ಹತ್ತುವಾಗ ಅವರು ಅತ್ತೆಯ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಕೇಳಿದೆ.

"ಅದು ಮನೀಗೆ ಬಂದಾಗಿಂದ ಆಕಿ ಮಣಕಾಲ ನೋವು ಕಡಿಮಿ ಆಗೇತಂತ. ಕೆಲಸ ಮುಗಿದ ಮ್ಯಾಲೆ ಗಂಡಗ ತಿಳೀದಂಗ ತಂದುಕೊಡ್ರಿ ಅಂದ್ಲು."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಅಕ್ಕಿ ಕೊಡವಿದೆ, ಬೂದಿ ಕೆರೆದೆ, ಅಳತೆ ನೋಡಿದೆ. ಬುಡದ ಅಂಚಿನಲ್ಲಿ ಕುಂಕುಮದ ಒಂದು ಕಲೆ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಇರಲಿ ಎಂದು ಬಿಟ್ಟೆ. ಬೇಸನ್ ಉಂಡಿಯ ತೂಕದ ಮದ್ದನ್ನು ತೂಗಿ, ಸಂಶಯ ಬಂದು ಮತ್ತೆ ತೂಗಿ, ಹಾಕಿದೆ. ಗುಂಡು ಕೂರಿಸಿದೆ. ಇಡೀ ಬೇಟೆಗೆ ಒಂದೇ ಕಾಡತೂಸು.

ನವೆಂಬರಿನಲ್ಲಿ ಸುಧೀರನ ಜೊತೆ ಉತ್ತರದ ಕಾಡಿಗೆ ಹೋದೆ. ಅವನು ನನ್ನ ಅಂಗೈ ಮೇಲಿನ ಒಂಟಿ ಕಾಡತೂಸನ್ನು ನೋಡಿ ನಗು ತಡೆಯಲಾರದೆ ಚಹದ ಥರ್ಮಾಸನ್ನೇ ಬೀಳಿಸಿದ.

"ಒಂದೇ ಉಂಟಾ? ಜಿಂಕೆಗೆ ಮೊದಲೇ ಹೇಳಿ ಮಾರಾಯ್ರೆ, ಈ ಸಲ ಅದೇ ಸ್ವಲ್ಪ ಅಡ್ಡ ಬರಲಿ."

"ನಿನ್ನ ಬಾಯಿಗೆ ಹೊಡೀಲಿಕ್ಕೆ ಇನ್ನೊಂದು ತರಬೇಕಿತ್ತು" ಎಂದೆ.

ಎರಡನೆಯ ದಿನ ಬೆಳಗ್ಗೆ ಮಂಜು ಕರಗುವ ಹೊತ್ತಿಗೆ ಗಂಡು ಜಿಂಕೆ ಬಂತು. ಹೋದ ವರ್ಷದ್ದೇ ಇರಬೇಕೆಂದು ನನ್ನ ನಂಬಿಕೆ, ಹಾಗೇ ಎಲೆ ಜಗಿಯುತ್ತಿತ್ತು. ಸುಧೀರ ಉಸಿರು ಬಿಗಿಹಿಡಿದ. ನಾನು ಗುರಿ ಹಿಡಿದೆ. ಬೆರಳು ಒತ್ತಿದೆ.

ಜಿಂಕೆ ನಿಂತಲ್ಲೇ ಬಿತ್ತು. ಎರಡನೆಯ ಎಲೆ ಜಗಿಯಲಿಲ್ಲ.

ನಾನು ನಿಧಾನವಾಗಿ ಸುಧೀರನ ಕಡೆ ತಿರುಗಿದೆ. ಒಂದು ವರ್ಷ ಈ ತಿರುಗುವಿಕೆಯನ್ನೇ ಮನಸ್ಸಿನಲ್ಲಿ ಅಭ್ಯಾಸ ಮಾಡಿದ್ದೆ. ಅವನು ಟೋಪಿ ತೆಗೆದು ಎರಡೂ ಕೈ ಜೋಡಿಸಿದ್ದ.

"ಈಗ ಹೇಳು" ಎಂದೆ.

"ಇನ್ನೆಂಥ ಹೇಳುದು ಮಾರಾಯ್ರೆ" ಎಂದ ಅವನು, ಕಣ್ಣು ಮುಚ್ಚಿಯೇ. "ಶೈಲಜಕ್ಕನ ದೇವರಿಗೆ ಭಾರೀ ಕಾರಣಿಕ ಉಂಟು!"

ಕೇಳಿದಿರಾ? ದೇವರ ಶಕ್ತಿಯಂತೆ! ಚಳಿಗಾಲವಿಡೀ ಮದ್ದು ತೂಗಿದವನು ನಾನು. ರೊಟ್ಟಿಯನ್ನು ಉಂಡಿಗೆ ಇಳಿಸಿದವನು ನಾನು. ಅಲ್ಲೇ, ಬಿದ್ದ ಜಿಂಕೆಯ ಪಕ್ಕದಲ್ಲೇ, ಅವನಿಗೆ ಹೊಡೆಯಲು ಹೋದೆ. ಅವನು ಆಗಲೇ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಜಾಗದಲ್ಲಿ ಫೋನ್ ಕಿವಿಗೆ ಹಿಡಿದಿದ್ದ.

ನಾವು ವಿಟ್ಬಿ ಸೇರುವ ಮೊದಲೇ ಸುದ್ದಿ ಸೇರಿತ್ತು. ದೇವಸ್ಥಾನದಲ್ಲಿ ಚಪ್ಪಲಿ ಬಿಡುವಾಗ ಈಗ ಯಾರೂ ಜಿಂಕೆಯ ಯೋಗಕ್ಷೇಮ ಕೇಳುವುದಿಲ್ಲ. "ದೇವರಮನೇಲಿ ಇಟ್ಟಿದ್ದು ನೋಡಿ, ತಪ್ಪೋ ಹಾಗೇ ಇಲ್ಲ" ಎನ್ನುತ್ತಾರೆ. ತಪ್ಪಿದರೆ ನನ್ನ ಕೈ. ಬಿದ್ದರೆ ಅವರ ದೇವರು. ಇದು ಯಾವ ನ್ಯಾಯ? ಫ್ರೇಮ್ ಹಾಕಿಸಿದ ಹಾಳೆಯನ್ನು ಬಗಲಲ್ಲಿಟ್ಟುಕೊಂಡು ಮಾರ್ಕಮ್, ರಿಚ್ಮಂಡ್ ಹಿಲ್ ಎಲ್ಲ ತಿರುಗಿದೆ. ಉದಯಕುಮಾರ ಆ ಮೂರು ತೂತಿನಲ್ಲೂ ಈಶ್ವರನ ಮೂರು ಕಣ್ಣು ಕಂಡು ಹಾಳೆಗೆ ನಮಸ್ಕಾರ ಮಾಡಿದ.

ಆ ವಾರವೆಲ್ಲ ಮನೆಯ ಫೋನು ಸುಮ್ಮನಿರಲಿಲ್ಲ. ಪರ್ಸು ಮುಚ್ಚಿದ್ದ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ, "ಅಣ್ಣಾ, ನಮ್ಮದನ್ನೂ ಒಂದ್ಸಲ ಹಾರಿಸಿ ಕೊಡ್ತೀರಾ? ಶಕ್ತಿ ಬರುತ್ತಂತೆ" ಎಂದು ಕೇಳಿದರು. ಯಾರಿಗೂ ಹೂಂ ಅನ್ನಲಿಲ್ಲ. ಅತ್ತೆ ಮಾತ್ರ ಹಾರಿಸಿದ ಒಂಟಿ ಕೊಳವೆಯನ್ನು ಮತ್ತೆ ಹುಣಸೆಹಣ್ಣಿನಿಂದ ಬೆಳಗಿ, ಶೈಲಜಾಗೆ ಕೊಡಬೇಕೆಂದು ಕಿಟಕಿಯಲ್ಲಿಟ್ಟಳು. ನಾನು ಅದನ್ನು ತೆಗೆದು ಅಂಗಿಯ ಜೇಬಿನಲ್ಲಿ ಹಾಕಿ ಗುಂಡಿ ಹಾಕಿಕೊಂಡೆ.

ರಾಜ್ಯೋತ್ಸವಕ್ಕೆ ಒಂದು ದಿನ ಇರುವಾಗ ಬಾಗಿಲಿನ ಬೆಲ್ಲಾಯಿತು. ಹೊರಗೆ ಶ್ರೀಕಂಠರು. ಇಸ್ತ್ರಿ ಇಲ್ಲದ ಅಂಗಿ, ಮೂರು ದಿನದ ಗಡ್ಡ.

"ದ್ಯಾಮಣ್ಣನವರೇ, ಒಂದು ರಿಕ್ವೆಸ್ಟು" ಎಂದರು. ಭಾಷಣದ ಧ್ವನಿ ಎಲ್ಲೋ ಬಿದ್ದುಹೋಗಿತ್ತು. "ಅದು... ಆ ವಸ್ತು... ವಾಪಸ್ ಕೊಡ್ತೀರಾ? ಶೈಲಜಂಗೆ ಮತ್ತೆ ಮಂಡಿ ನೋವು. ಅಡುಗೆ ಮನೆಗೆ ಕಾಲಿಟ್ಟಿಲ್ಲ. ನಾಲ್ಕು ದಿನದಿಂದ ಬ್ರೆಡ್ಡು ತಿಂತಿದೀನಿ."

ನಾನು ಜೇಬಿನ ಗುಂಡಿ ಬಿಚ್ಚಿದೆ. ಕೊಳವೆಯನ್ನು ಬಿಸಿಲಿಗೆ ಹಿಡಿದೆ. ಪೊಲೀಸಿನವನು ಹಿಡಿದಂತೆಯೇ ತಿರುಗಿಸಿ ತಿರುಗಿಸಿ ನೋಡಿದೆ. ಅವರೂ ನೋಡಿದರು. ಕೈ ಮುಂದೆ ಚಾಚಿದರು.

"ಕೊಡೂಣಂತ" ಎಂದೆ. "ಮೈಕ್ ತಂದೀರೇನ್ರಿ?"